ಡೇಗೆ ಬಿಡುವ ಮುಂಚೆ ನೀರು ನೋಡಬೇಕು

ನಾನು ಸೊರಬದ ಕಡೆಯವನು. ಕೆಲಸ ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿಯಲ್ಲಿ. ಅಲ್ಲಿ ಒಂದು ಹೆಣ್ಣು ಪೆರಿಗ್ರಿನ್ ಡೇಗೆ ಸಾಕಿದ್ದೇನೆ. ಡೇಗೆ ಅಂದರೆ ಬೇರೆ ಹಕ್ಕಿಗಳನ್ನು ಹಿಡಿದು ತಿನ್ನುವ ಬೇಟೆಹಕ್ಕಿ. ಚಳಿಗಾಲದಲ್ಲಿ ಅದನ್ನು ಕಾಡುಬಾತುಗಳ ಬೇಟೆಗೆ ಬಿಡುತ್ತೇನೆ. ರಜೆಗೆ ಊರಿಗೆ ಬಂದರೆ ಸಾಕು, ಭಾವ ಶುರು ಮಾಡುತ್ತಾರೆ. "ಅಲ್ಲ ಮಾರಾಯ, ನಮ್ಮ ಕೆರೆ ತುಂಬ ಬಾತು ಕೂತಿರ್ತಾವೆ. ಇಲ್ಲೂ ಒಂದು ಸಾಕಬಹುದಲ್ವಾ?"

ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಡೇಗೆ ಇದೆ. ಹಿಡಿದು ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಕಾಡುಬಾತು ಹೊಡೆಯುವುದೂ ಅಪರಾಧವೇ. ಐಡಾಹೊದಲ್ಲೂ ಸುಮ್ನೆ ಕೊಟ್ಟುಬಿಡುವುದಿಲ್ಲ. ಪರೀಕ್ಷೆ ಬರೆಯಬೇಕು. ಹಕ್ಕಿ ಇಡುವ ಕೋಣೆಯ ತಪಾಸಣೆ ಆಗುತ್ತದೆ. ಅನುಭವ ಇರುವವರ ಕೈಕೆಳಗೆ 2 ವರ್ಷ ಕಲಿಯಬೇಕು.

ಇರಲಿ, ಕಾನೂನು ಬಿಡಿ. ಅಡ್ಡಿಯೇ ಇಲ್ಲ ಅಂದರೂ ನಮ್ಮೂರ ಕೆರೆ ಮೇಲೆ ನಾನು ನನ್ನ ಹಕ್ಕಿ ಬಿಡುವವನಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಈ ಬೇಟೆ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು.

ಮೊದಲು ಬಾತುಗಳು ಕೂತಿರುವ ಸಣ್ಣ ಹೊಂಡ ಹುಡುಕುತ್ತೇನೆ. ಅವಕ್ಕೆ ಕಾಣದ ಹಾಗೆ ದೂರದಲ್ಲೇ ನಿಂತು ಡೇಗೆಯ ತಲೆಯಿಂದ ಕಣ್ಣು ಮುಚ್ಚುವ ಚರ್ಮದ ಟೊಪ್ಪಿ ತೆಗೆಯುತ್ತೇನೆ. ಅದು ಸುತ್ತು ಹಾಕುತ್ತಾ ಏರಿ, ಐನೂರು ಅಡಿಗೂ ಮೇಲೆ ಹೋಗಿ ಹೊಂಡದ ನೆತ್ತಿಯ ಮೇಲೆ ಕಾಯುತ್ತದೆ. ಆಮೇಲೆ ನಾನೂ ನಾಯಿಯೂ ಕೂಗುತ್ತಾ ಓಡಿ ಬಾತುಗಳನ್ನು ಎಬ್ಬಿಸುತ್ತೇವೆ. ಅವು ಎದ್ದ ಕೂಡಲೇ ಡೇಗೆ ರೆಕ್ಕೆ ಮಡಚಿ ಬೀಳುತ್ತದೆ. ಪೆರಿಗ್ರಿನ್ ಹೀಗೆ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟಬಲ್ಲದು.

ಬಾತುಗಳು ದಡ್ಡ ಅಲ್ಲ. ಮೇಲೆ ಡೇಗೆ ಇದೆ ಅಂತ ಗೊತ್ತಾದರೆ ನೀರು ಬಿಟ್ಟು ಏಳುವುದೇ ಇಲ್ಲ. ಎದ್ದರೂ ಒಂದು ಸುತ್ತು ಹಾಕಿ ವಾಪಸ್ ನೀರಿಗೇ ಧುಮುಕಲು ನೋಡುತ್ತವೆ. ತಮ್ಮನ್ನು ಉಳಿಸುವುದು ನೀರು ಅಂತ ಅವಕ್ಕೆ ಗೊತ್ತು. ಅದೇ ನೀರು ಡೇಗೆಯನ್ನು ಕೊಲ್ಲುತ್ತದೆ. ಬಾತಿನ ಗರಿಯಿಂದ ನೀರು ಜಾರಿ ಹೋಗುತ್ತದೆ. ಡೇಗೆಯ ಗರಿ ಒದ್ದೆ ಕಂಬಳಿಯ ಹಾಗೆ ನೀರು ಕುಡಿದು ಭಾರವಾಗುತ್ತದೆ. ಬಾತನ್ನು ನೀರಿನ ಮೇಲೆ ಹಿಡಿದರೆ ಎರಡೂ ಒಟ್ಟಿಗೆ ಬೀಳುತ್ತವೆ. ನನ್ನ ಹಕ್ಕಿ 900 ಗ್ರಾಂ ಆಸುಪಾಸು. ಕೊಬ್ಬಿದ ಗಂಡು ಮಲ್ಲಾರ್ಡ್ ಬಾತು ಕಿಲೋ ಮೇಲೇ ತೂಗುತ್ತದೆ. ಡೇಗೆಗೆ ಈಜು ಬರುವುದಿಲ್ಲ. ರೆಕ್ಕೆಯನ್ನೇ ಹುಟ್ಟು ಮಾಡಿಕೊಂಡು ದಡಕ್ಕೆ ಬರಬೇಕು. ಹೊಂಡ ಸಣ್ಣದಾದರೆ ಬರುತ್ತದೆ, ದೊಡ್ಡದಾದರೆ ಮುಳುಗುತ್ತದೆ. ದಡ ಮುಟ್ಟಿದರೂ ಮೈನಸ್ ಹತ್ತು ಡಿಗ್ರಿ ಚಳಿಯಲ್ಲಿ ನೆಂದ ಗರಿ ಹೆಪ್ಪುಗಟ್ಟುತ್ತದೆ. ತಕ್ಷಣ ಒರೆಸಿ, ಗಾಡಿಯೊಳಗೆ ಹೀಟರ್ ಹಾಕಿ ಒಣಗಿಸಬೇಕು.

ಹಾಗಾಗಿ ನನ್ನ ಕೆಲಸವೆಲ್ಲ ಹಕ್ಕಿ ಕೈಬಿಡುವ ಮುಂಚೆಯೇ. ಹೊಂಡದ ಅಗಲ ನೋಡುತ್ತೇನೆ. ಗಾಳಿ ಯಾವ ಕಡೆಯಿಂದ ಅಂತ ನೋಡುತ್ತೇನೆ. ಬಾತು ಗಾಳಿಗೆ ಎದುರಾಗಿ ಏಳುತ್ತದೆ. ಹಾಗೆ ಎದ್ದರೆ ಬಯಲು ಹೊಲದ ಮೇಲೆ ಹೋಗುತ್ತದೋ, ಪಕ್ಕದ ಇನ್ನೊಂದು ನೀರಿನ ಕಡೆಗೋ? ಎರಡನೆಯದಾದರೆ ಟೊಪ್ಪಿ ಬಿಚ್ಚುವುದೇ ಇಲ್ಲ. ಹೊಂಡದ ಮೇಲೆ ತೆಳು ಮಂಜುಗಡ್ಡೆ ಇದ್ದರೂ ಇಲ್ಲ. ಹಕ್ಕಿ ಒದ್ದಾಡುವಾಗ ಮನುಷ್ಯ ಯೋಚನೆ ಮಾಡದೆ ಗಡ್ಡೆ ಮೇಲೆ ಕಾಲಿಡುತ್ತಾನೆ, ಅಲ್ಲಿಗೆ ಅವನ ಕಥೆ ಮುಗಿದ ಹಾಗೇ. ಬಿಡದೇ ಮನೆಗೆ ಬಂದ ಸಂಜೆಗಳು ನನಗೆ ಜಾಸ್ತಿ. ಅದರ ಬಗ್ಗೆ ನನಗೆ ಬೇಜಾರಿಲ್ಲ.

ತೂಕದ್ದೂ ಇದೇ ಲೆಕ್ಕ. ಹೊಟ್ಟೆ ತುಂಬಿದ ಡೇಗೆ ಮಾತು ಕೇಳುವುದಿಲ್ಲ, ಯಾವುದೋ ಮರದ ಮೇಲೆ ಹೋಗಿ ಕೂರುತ್ತದೆ. ಅದಕ್ಕೆ ದಿನವೂ ಗ್ರಾಂ ಲೆಕ್ಕದಲ್ಲಿ ತೂಗಿ ಊಟ ಹಾಕುತ್ತೇವೆ. ಕೆಲವರು ಚೆನ್ನಾಗಿ ಬೇಟೆಯಾಡಲಿ ಅಂತ ತೀರಾ ಇಳಿಸುತ್ತಾರೆ. ನನಗದು ಸರಿ ಕಾಣುವುದಿಲ್ಲ. ಬಡಕಲು ಹಕ್ಕಿಗೆ ನೀರಿನಿಂದ ಎದ್ದು ಬರುವ ಶಕ್ತಿಯೇ ಇರುವುದಿಲ್ಲ.

ಬಾತು ಸಿಕ್ಕ ಮೇಲೆ ಇನ್ನೊಂದು ಅಪಾಯ. ಬೇಟೆ ಹಿಡಿದು ನೆಲದ ಮೇಲೆ ಕೂತ ಡೇಗೆಯ ಗಮನವೆಲ್ಲ ಗರಿ ಕೀಳುವುದರಲ್ಲಿ. ಐಡಾಹೊದಲ್ಲಿ ಚಿನ್ನದ ಹದ್ದುಗಳು ಬಹಳ. ಅವಕ್ಕೆ ಬಾತೂ ಊಟವೇ, ಡೇಗೆಯೂ ಊಟವೇ. ಬಿಡುವ ಮುಂಚೆ ದುರ್ಬೀನು ಹಿಡಿದು ಆಕಾಶವನ್ನೂ ಕರೆಂಟ್ ಕಂಬಗಳ ತುದಿಯನ್ನೂ ಹುಡುಕುತ್ತೇನೆ. ಹದ್ದು ಕಂಡರೆ ಆ ಜಾಗ ಬಿಟ್ಟೆ. ಕತ್ತಲಾದ ಮೇಲೆ ಹೊರಗೆ ಉಳಿದ ಡೇಗೆಗೆ ದೊಡ್ಡ ಗೂಬೆಯ ಕಾಟ. ಬೆನ್ನಿಗೆ ಕಟ್ಟಿದ ಪುಟ್ಟ ಜಿಪಿಎಸ್ ಇರುವುದರಿಂದ ಈಗ ಫೋನಿನಲ್ಲೇ ಹುಡುಕಬಹುದು. ಮುಳ್ಳುತಂತಿ, ಕರೆಂಟ್ ತಂತಿಗೆ ಬಡಿದು ಸಾಯುವ ಹಕ್ಕಿಗಳ ಕಥೆ ಎಲ್ಲರಿಗೂ ಗೊತ್ತೇ ಇದೆ.

ನನಗೆ ಈಗ ಹೆಚ್ಚು ಹೆದರಿಕೆ ಹಕ್ಕಿಜ್ವರದ್ದು. 2022ರಲ್ಲಿ ಎಚ್5ಎನ್1 ಅನ್ನುವ ಹಕ್ಕಿಜ್ವರದ ವೈರಸ್ ಅಮೆರಿಕದ ಉದ್ದಗಲಕ್ಕೂ ಹರಡಿತು. ಕಾಡುಬಾತುಗಳು ಈ ವೈರಸ್ ಹೊತ್ತುಕೊಂಡೇ ಆರಾಮಾಗಿ ಓಡಾಡಬಲ್ಲವು. ಅಂಥ ಬಾತನ್ನು ತಿಂದ ಡೇಗೆ ಮಾತ್ರ ತಲೆ ನಡುಗಿ, ತೂರಾಡಿ, ಕೆಲವೇ ದಿನದಲ್ಲಿ ಸಾಯುತ್ತದೆ. ಮಂಕಾದ ಬಾತು ಸುಲಭವಾಗಿ ಸಿಗುತ್ತದಲ್ವಾ, ಡೇಗೆ ಮೊದಲು ಅದನ್ನೇ ಹಿಡಿಯುತ್ತದೆ. ಸುತ್ತಮುತ್ತ ಕಾಯಿಲೆ ಇದೆ ಅಂತ ಸುದ್ದಿ ಬಂದರೆ ಬಾತಿನ ಬೇಟೆ ಬಂದ್. ಉಳಿದ ದಿನಗಳಲ್ಲೂ ಬಾತು ಮುಟ್ಟುವಾಗ ಕೈಗವಸು ಹಾಕುತ್ತೇನೆ, ಮನೆಯೊಳಗೆ ಗರಿ ಕೀಳುವುದಿಲ್ಲ.

ಸೀಸದ ಗುಂಡಿನದು ನಿಧಾನದ ವಿಷ. ಬಾತಿನ ಬೇಟೆಗೆ ಸೀಸದ ಗುಂಡು ಬಳಸಬಾರದು ಅಂತ ಅಮೆರಿಕದಾದ್ಯಂತ 1991ರಲ್ಲೇ ನಿಯಮ ಬಂತು. ಆದರೂ ಹಳೆಯ ಗುಂಡು ಕೆಸರಿನಲ್ಲಿ ಉಳಿದಿರಬಹುದು. ಬಾತು ಅದನ್ನು ಹೊಟ್ಟೆಯಲ್ಲಿ ಕಾಳು ಅರೆಯಲು ಬೇಕಾದ ಹರಳು ಅಂತ ನುಂಗುತ್ತದೆ. ಕರುಳು, ಹೊಟ್ಟೆ ಎಲ್ಲ ತೆಗೆದು ಎಸೆದು, ಎದೆಯ ಮಾಂಸವನ್ನು ಬಿಡಿಸಿ ನೋಡಿಯೇ ಡೇಗೆಗೆ ಕೊಡುತ್ತೇನೆ.

ಈಗ ನಮ್ಮೂರ ಕೆರೆ ನೋಡಿ. ಅಗಲ ಜಾಸ್ತಿ. ಅಂಚಿಗೆಲ್ಲ ಜೊಂಡು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಬಿದಿರು, ಕೆರೆ ಏರಿ ಮೇಲೆ ಕರೆಂಟ್ ಲೈನು. ಬಾತು ಯಾವ ದಿಕ್ಕಿಗೆ ಎದ್ದರೂ ಕೆಳಗೆ ನೀರು, ಇಲ್ಲವೇ ಮರ. ಅಷ್ಟು ವೇಗದಲ್ಲಿ ಇಳಿದ ಹಕ್ಕಿಗೆ ತಿರುಗಿ ಏಳಲು ಬಯಲೇ ಇಲ್ಲ. ಕಾಡಿನಂಚಿನಲ್ಲಿ ಹದ್ದುಗಳೂ ಇವೆ. ನಮ್ಮ ಘಟ್ಟದ ಬಂಡೆಗಳಲ್ಲಿ ಗೂಡು ಮಾಡುವ ಶಾಹೀನ್ ಕೂಡ ಪೆರಿಗ್ರಿನ್ ಜಾತಿಯದೇ. ಅದು ಹೆಚ್ಚಾಗಿ ಗಿಳಿ, ಬಾನಾಡಿಗಳಂಥ ಸಣ್ಣ ಹಕ್ಕಿಗಳನ್ನೇ ಗಾಳಿಯಲ್ಲಿ ಹಿಡಿದು ಹೊಟ್ಟೆ ಹೊರೆಯುತ್ತದೆ. ಇನ್ನು ನಮ್ಮ ಮಳೆಗಾಲ. ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಸ್ಟು ಹಿಡಿಯುವ ಜಾಗದಲ್ಲಿ ಸಾಕಿದ ಡೇಗೆಯ ಶ್ವಾಸಕೋಶಕ್ಕೂ ಬೂಸ್ಟು ಹಿಡಿಯುತ್ತದೆ. ಅದು ಹಿಡಿದರೆ ಬದುಕುವುದು ಕಷ್ಟ.