ಬಿಎ ಸೆಟ್ಟನ್ನು ತೊಳೆಯದೆ ಪರೀಕ್ಷಿಸಿದ್ದು: ನನ್ನ ಅನುಭವ

ಸಾವು ಸಂಭವಿಸಿದ ಪ್ರಕರಣದ ಬಿಎ ಸೆಟ್ಟನ್ನೂ (ಹೊಗೆಯೊಳಗೆ ಹೋಗುವವರು ಉಸಿರಾಡಲು ಹಾಕಿಕೊಳ್ಳುವ ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್) ಮೊದಲು ತೊಳೆದು ಒಣಗಿಸಿ, ಆಮೇಲೆ ಪರೀಕ್ಷೆಯ ಬೆಂಚಿಗೆ ಹಾಕುವುದು ನಾನು ಕಂಡ ರೂಢಿ. ಮಸಿಯನ್ನೂ ಒರೆಸದೆ, ಬಂದ ಹಾಗೆಯೇ ಪರೀಕ್ಷಿಸುತ್ತೇನೆಂದು ಹಟ ಹಿಡಿದಾಗ ಹಿರಿಯರು, ‘ಸುಟ್ಟ ಮಾಸ್ಕಿನಲ್ಲಿ ಏನು ಸಿಗುತ್ತದಪ್ಪ?’ ಎಂದರು. ಸಿಕ್ಕಿತು.

ಗೋದಾಮಿನ ಬೆಂಕಿ. ಒಳಹೋಗಿ ತೀರಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಸಿಲಿಂಡರಿನ ಗಾಳಿ ಬೇಗ ಮುಗಿದಿತ್ತು. ಗಾಬರಿಯಿಂದ ಜೋರಾಗಿ ಉಸಿರೆಳೆದಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಮಾತನಾಡಲಾರದವರ ತಲೆಗೆ ತಪ್ಪು ಕಟ್ಟುವುದು ನನಗೆ ಸಹಿಸಲಾಗಲಿಲ್ಲ.

ಮಹಜರು ಮುಗಿದು, ಸಿಲಿಂಡರಿನಲ್ಲಿ ಉಳಿದ ಗಾಳಿ ಪ್ರಯೋಗಾಲಯಕ್ಕೆ ಹೋದ ಮೇಲೆ ಸೆಟ್ಟು ನನ್ನ ಕೈಗೆ ಬಂತು. ಮಾಸ್ಕಿನ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಗಾಜು 150 ಡಿಗ್ರಿಯ ಹತ್ತಿರ ಮೆದುವಾಗುತ್ತದೆ. ಇದು ಮಸಿ ಹಿಡಿದಿದ್ದರೂ ಸೊಟ್ಟಗಾಗಿರಲಿಲ್ಲ. ಕಷ್ಟ ಕೊಟ್ಟಿದ್ದು ಅಂಚಿನ ರಬ್ಬರ್. ಮಾಸ್ಕ್ ತೊಡಿಸಿ ಪರೀಕ್ಷಿಸುವ ಮರದ ತಲೆಗೆ ಕೂರಲಿಲ್ಲ, ಬೈಕಿನ ಟ್ಯೂಬ್ ಸುತ್ತಿದರೂ ಸೋರಿತು. ಕೊನೆಗೆ ಅದನ್ನು ಕೂರಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಮದು ಬೆಂಚಿಗೆ ಲಕ್ಷಗಟ್ಟಲೆ ಕೇಳುತ್ತಾರೆ. ನನ್ನದು ಒತ್ತಡ ಅಳೆಯುವ ಮಾನೋಮೀಟರ್ ಸೇರಿ 30 ಸಾವಿರದ ಆಸುಪಾಸಿನಲ್ಲಿ ಮುಗಿಯಿತು.

ಬೇರೆ ಸಿಲಿಂಡರ್ ಜೋಡಿಸಿ ತೆರೆದೆ. ಯಾರೂ ಉಸಿರಾಡದಿದ್ದರೂ ಒತ್ತಡದ ಗೇಜಿನ ಮುಳ್ಳು ನಿಮಿಷಕ್ಕೆ ಎರಡೂವರೆ ಬಾರ್‌ನಂತೆ ಇಳಿಯಿತು. 6 ಲೀಟರಿನ ಸಿಲಿಂಡರ್, ಅಂದರೆ ನಿಮಿಷಕ್ಕೆ 15 ಲೀಟರ್ ಸೋರಿಕೆ. ಉಸಿರು ಹೊರಹೋಗುವ ವಾಲ್ವನ್ನು ಮುಚ್ಚಿದೆ, ಮುಳ್ಳು ನಿಂತಿತು. 300 ಬಾರ್‌ಗೆ ಸಿಗುವುದೇ 1800 ಲೀಟರ್. ನಿಮಿಷಕ್ಕೆ 60 ಲೀಟರ್ ಎಳೆಯುವವರಿಗೆ ಅರ್ಧ ಗಂಟೆ ಬರಬೇಕಾದದ್ದು 24 ನಿಮಿಷಕ್ಕೇ ತೀರುತ್ತದೆ.

ಆ ವಾಲ್ವಿನ ರಬ್ಬರ್ ಬಿಲ್ಲೆಯನ್ನು ಚಿಮುಟದಿಂದ ಎತ್ತಿ ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನಲ್ಲಿ ಗಟ್ಟಿಯಾದ ಬಿಳಿ ಹರಳು. ಸುತ್ತಲೂ ಮಸಿ, ಹರಳಿನಡಿ ಮಾತ್ರ ಮಸಿಯಿಲ್ಲ. ರಬ್ಬರಿನಲ್ಲಿ ಅದರದೇ ಅಚ್ಚಿನ ಗುಳಿ. ಬೆಂಕಿಗೆ ಮೊದಲೇ ಅದು ಅಲ್ಲಿತ್ತು. ತೊಳೆದಿದ್ದರೆ ಸಾಕ್ಷಿ ಚರಂಡಿಗೆ ಹೋಗುತ್ತಿತ್ತು.

ಹಿಂದೆ ತೊಳೆದಾಗ ಉಳಿದ ಸಾಬೂನೇ ಹರಳಾಯಿತೇ ಎಂಬ ಕುತೂಹಲಕ್ಕೆ ಹಳೆಯ ಬಿಲ್ಲೆಗಳನ್ನು ಸಾಬೂನು ಪುಡಿಯ ನೀರಿನಲ್ಲಿ ಅದ್ದಿ, ಜಾಲಿಸದೆ ಒಣಗಿಸಿದೆ. ಬಿಸಿಲಲ್ಲಿಟ್ಟವು ಬರೀ ಪುಡಿ ಉದುರಿಸಿದವು. ನೆರಳಲ್ಲಿಟ್ಟವುಗಳ ಮೇಲೆ ಅಂಥದ್ದೇ ಹರಳು ಕೂತಿತು. ಉಸಿರೆಳೆದಾಗ ಗಾಳಿ ಬಿಡುವ ಡಿಮ್ಯಾಂಡ್ ವಾಲ್ವಿನ ಮೇಲೂ ಇದನ್ನು ಮಾಡಿ ನೋಡಿದೆ, ಏನೂ ತಿಳಿಯಲಿಲ್ಲ.

ಸಾವಿಗೆ ಇದೊಂದೇ ಕಾರಣ ಎಂದು ನಾನು ಬರೆದುಕೊಡಲಿಲ್ಲ. ಆದರೆ ವರದಿಯಿಂದ ‘ಗಾಬರಿ’ ಎಂಬ ಸಾಲನ್ನು ತೆಗೆದರು. ಅದೇ ಠಾಣೆಯ ಉಳಿದ ಮಾಸ್ಕುಗಳನ್ನು ಬಿಚ್ಚಿಸಿದಾಗ ಇನ್ನೂ ಮೂರು ನಾಲ್ಕರಲ್ಲಿ ಹರಳು ಸಿಕ್ಕಿತು. ಆ ಬಿಲ್ಲೆಗಳನ್ನೆಲ್ಲ ಅಂದೇ ಬದಲಾಯಿಸಿದೆವು.