ಮೂರು ನಾಳ, ಎರಡು ನೂಲು

ಎಂಬಿಬಿಎಸ್ ಮೊದಲ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೂತ್ರನಾಳದ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ಕೊಳವೆಯ) ಸ್ಲೈಡ್ ನೋಡಿ ‘ವೀರ್ಯನಾಳ’ ಎಂದು ಬರೆದು ಬಂದವನು ನಾನು. ಸುತ್ತ ಸ್ನಾಯು, ನಡುವೆ ಕಿಂಡಿ. ಅಷ್ಟು ಕಂಡದ್ದೇ ತಡ, ಗಂಟೆ ಬಾರಿಸಿತು. ಈಗ ಅದೇ ಸ್ಲೈಡುಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವ ಕೆಲಸ ನನ್ನದು.

ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಡುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಬರಿಗಣ್ಣಿನಲ್ಲಿ ನೋಡುವುದನ್ನು ನಾನು ರೂಢಿಸಿಕೊಂಡೆ. ದಪ್ಪ ಗುಲಾಬಿ ಬಳೆಯ ನಡುವೆ ಸೂಜಿ ಚುಚ್ಚಿದಷ್ಟೇ ರಂಧ್ರವಿದ್ದರೆ ವೀರ್ಯನಾಳ. ಒಳಗೆಲ್ಲ ಮಡಿಕೆಯ ಮೇಲೆ ಮಡಿಕೆ ತುಂಬಿದ್ದರೆ ಅಂಡನಾಳ. ಮೂತ್ರನಾಳದ ನಕ್ಷತ್ರದಂಥ ಕಿಂಡಿ ಮಾತ್ರ ಮಸೂರದ ಕೆಳಗೇ ಸರಿಯಾಗಿ ಕಾಣುವುದು. ಇನ್ನಷ್ಟು ಹಿಗ್ಗಿಸಿದರೆ ಅದರ ಒಳಪದರದ ಮೇಲ್ಸಾಲಿನ ಕೋಶಗಳು ಕೊಡೆಯಂತೆ ಉಬ್ಬಿ ನಿಂತಿರುತ್ತವೆ, ಕೆಲವಕ್ಕೆ ಎರಡೆರಡು ಕೋಶಕೇಂದ್ರ. ವೀರ್ಯನಾಳದಲ್ಲಿ ಕೋಶಗಳು ನೀಳ. ತುದಿಯ ಸ್ಟೀರಿಯೋಸಿಲಿಯಾಗಳು, ಅಂದರೆ ಕೂದಲಿನಂಥ ಸೂಕ್ಷ್ಮ ಎಳೆಗಳು, ಒದ್ದೆ ಕುಂಚದ ಕೂದಲಿನಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗುಲಾಬಿ, ನೇರಳೆ ಪೆನ್ಸಿಲ್ ಹಿಡಿದು ಇದನ್ನೆಲ್ಲ ಕಂಡಂತೆಯೇ ಬಿಡಿಸಬೇಕು. ಸೀನಿಯರ್ ರೆಕಾರ್ಡಿನಿಂದ ನಕಲು ಮಾಡಿದ ಚಿತ್ರ ಅಂದವಾಗಿರುತ್ತದೆ, ಕಣ್ಣು ಮಾತ್ರ ಏನನ್ನೂ ಕಲಿತಿರುವುದಿಲ್ಲ.

ಭ್ರೂಣಶಾಸ್ತ್ರಕ್ಕೆ ನನ್ನ ಸಾಮಗ್ರಿ ಎರಡು ಉಲ್ಲನ್ ನೂಲು, ಒಂದು ಅವರೆಕಾಳು. ಕಪ್ಪು ನೂಲು ಮೀಸೋನೆಫ್ರಿಕ್ ನಾಳ, ಭ್ರೂಣದಲ್ಲಿರುವ ಒಂದು ಆದಿ ನಾಳ. 5ನೇ ವಾರದಲ್ಲಿ ಅದರ ಕೆಳತುದಿಯ ಹತ್ತಿರ ಒಂದು ಮೊಗ್ಗು ಒಡೆಯುತ್ತದೆ; ಅಲ್ಲಿ ಹಳದಿ ನೂಲನ್ನು ಗಂಟು ಹಾಕುತ್ತೇನೆ. ಹಳದಿಯೇ ಮುಂದೆ ಮೂತ್ರನಾಳ, ಅದರ ತುದಿಯ ಅವರೆಕಾಳು ಮೂತ್ರಪಿಂಡ. ಗಂಡು ಭ್ರೂಣದಲ್ಲಿ ಕಪ್ಪು ನೂಲು ವೀರ್ಯನಾಳವಾಗುತ್ತದೆ. ನಾನು ಅದಲುಬದಲು ಮಾಡಿದ್ದು ತಾಯಿಯನ್ನೂ ಮಗಳನ್ನೂ ಎಂದು ಗೊತ್ತಾದದ್ದು ಆಗಲೇ! ಅಂಡನಾಳದ ವಂಶ ಬೇರೆ, ಅದು ಪಕ್ಕದ ಪ್ಯಾರಾಮೀಸೋನೆಫ್ರಿಕ್ ನಾಳದಿಂದ ಬಂದದ್ದು.

ಮೂತ್ರಪಿಂಡ ಸೊಂಟದ ಭಾಗದಿಂದ ಮೇಲೇರುತ್ತದೆ, ವೃಷಣ ಕೆಳಗಿಳಿಯುತ್ತದೆ. ಅವರೆಕಾಳನ್ನು ಮೇಲಕ್ಕೂ ಕಪ್ಪು ನೂಲಿನ ಮೇಲ್ತುದಿಯನ್ನು ಮುಂದಿನಿಂದ ಕೆಳಕ್ಕೂ ಎಳೆದರೆ, ಕಪ್ಪು ಹಳದಿಯನ್ನು ದಾಟಿ ಕೊಕ್ಕೆಯಂತೆ ಬಾಗುತ್ತದೆ. ಶವಚ್ಛೇದನದ ಮೇಜಿನಲ್ಲಿ ಮೂತ್ರಕೋಶದ ಹಿಂದೆ ಕಾಣುವುದೂ ಇದೇ ದಾಟು.

ಮೊದಲ ಸಲ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಗಂಟು ಹಾಗೆಯೇ ಉಳಿದರೆ ಎರಡೂ ಒಂದೇ ಬಾಗಿಲಿಗೆ ಬರಬೇಕಲ್ಲವೇ ಸರ್?” ನಾನು ಆ ಹಂತವನ್ನೇ ಬಿಟ್ಟಿದ್ದೆ. ಗಂಟಿನ ಭಾಗ ಮೂತ್ರಕೋಶದ ಗೋಡೆಯೊಳಗೆ ಸೇರಿಹೋಗಿ, ಎರಡು ನಾಳಗಳಿಗೂ ಬೇರೆ ಬೇರೆ ದ್ವಾರವಾಗುತ್ತದೆ. ಅಂದಿನಿಂದ ನೂಲಿನ ಡಬ್ಬಿಯಲ್ಲಿ ಒಂದು ಬ್ಲೇಡ್, ಎರಡು ಗುಂಡುಸೂಜಿಗಳೂ ಇರುತ್ತವೆ.