ದಿನಗಟ್ಟಲೆ ಓಡುವ ಕ್ರಾಲರ್ ನಡುವೆ ನಿಂತರೆ ಕೆಲಸ ಉಳಿಸಿಕೊಳ್ಳುವುದು ಹೇಗೆ?

ಕನ್ನಡ ಪಠ್ಯ ಸಂಗ್ರಹಿಸಲು ಹೊರಟಿದ್ದ ವಿದ್ಯಾರ್ಥಿಯೊಬ್ಬ ಮೂರು ದಿನದಿಂದ ಕ್ರಾಲರ್, ಅಂದರೆ ಕೊಂಡಿ ಹಿಡಿದು ಜಾಲತಾಣದ ಪುಟಗಳನ್ನು ತಾನೇ ತರುವ ಪ್ರೋಗ್ರಾಂ, ಓಡಿಸುತ್ತಿದ್ದ. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಎದ್ದು ಅದೇ ಆಜ್ಞೆಯನ್ನು ಮತ್ತೆ ಕೊಟ್ಟ. ಕೆಲವೇ ಸೆಕೆಂಡಿನಲ್ಲಿ ಪರದೆಯ ಮೇಲೆ ‘ಫಿನಿಶ್ಡ್’ ಎಂದು ಬಂತು. ಎಲ್ಲ ಮುಗಿಯಿತು ಎಂದುಕೊಂಡು ಸಂಗ್ರಹವನ್ನು ನನಗೆ ಕಳಿಸಿದ. ತೆರೆದು ನೋಡಿದರೆ ಅರ್ಧ ಜಾಲತಾಣವೇ ಇಲ್ಲ. ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ, ಅದಕ್ಕೇ ಈ ಬರಹ.

ಇಲ್ಲಿ ಹೇಳುವುದೆಲ್ಲ ಪೈಥಾನ್ ಭಾಷೆಯಲ್ಲಿ ಕ್ರಾಲರ್ ಬರೆಯಲು ಬಳಸುವ ಸ್ಕ್ರೇಪಿ ಎಂಬ ಉಪಕರಣದ ಬಗ್ಗೆ. ಬ್ರೌಸರ್ ಎಕ್ಸ್‌ಟೆನ್ಶನ್ ರೂಪದ ಕ್ರಾಲರ್‌ಗಳನ್ನು ದೊಡ್ಡ ಕೆಲಸಕ್ಕೆ ನಂಬಬೇಡಿ. ಟ್ಯಾಬ್ ಮುಚ್ಚಿದರೆ ಎಲ್ಲ ಹೋದಂತೆಯೇ. ಬೇಕಾಗಿರುವುದು ವಿಕಿಪೀಡಿಯದ ಪಠ್ಯವಾದರೆ ಕ್ರಾಲರೇ ಬೇಡ, ಎಲ್ಲ ಪುಟಗಳ ಪಠ್ಯ ಒಟ್ಟಿಗೆ ಇರುವ ಡಂಪ್ ಉಚಿತವಾಗಿ ಸಿಗುತ್ತದೆ.

ಮೊದಲ ದಿನವೇ ಜಾಬ್‌ಡಿರ್ ಕೊಡಿ. ಆಜ್ಞೆಯಲ್ಲಿ ಜಾಬ್‌ಡಿರ್ ಎಂಬ ಸೆಟ್ಟಿಂಗ್‌ಗೆ ಒಂದು ಫೋಲ್ಡರ್ ಹೆಸರು ಕೊಟ್ಟರೆ ಸಾಕು, ನಿಂತ ಕೆಲಸ ಮುಂದುವರಿಸಲು ಬೇಕಾದುದನ್ನು ಸ್ಕ್ರೇಪಿ ಅಲ್ಲಿ ಉಳಿಸಿಕೊಳ್ಳುತ್ತದೆ. ಒಂದು ಓಟಕ್ಕೆ ಒಂದೇ ಫೋಲ್ಡರ್, ಹಂಚಿಕೊಳ್ಳುವಂತಿಲ್ಲ. ಅದನ್ನು ಪೆನ್‌ಡ್ರೈವ್‌ನಲ್ಲಾಗಲಿ, ಕ್ಲೌಡ್‌ಗೆ ಸಿಂಕ್ ಆಗುವ ಜಾಗದಲ್ಲಾಗಲಿ ಇಡಬೇಡಿ.

ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್‌ಗಳನ್ನು ತೆಗೆಯಿರಿ. ಸರದಿಯಲ್ಲಿರುವ ವಿನಂತಿಗಳನ್ನು (ಇನ್ನೂ ತರಬೇಕಾದ ಪುಟಗಳ ಬೇಡಿಕೆಗಳನ್ನು) ಸ್ಕ್ರೇಪಿ ಪಿಕಲ್ ಮಾಡಿ, ಅಂದರೆ ಉಳಿಸಬಹುದಾದ ರೂಪಕ್ಕೆ ತಂದು, ಡಿಸ್ಕ್‌ಗೆ ಬರೆಯುತ್ತದೆ. ಉತ್ತರ ಬಂದಾಗ ಓಡುವ ಕಾಲ್‌ಬ್ಯಾಕ್ ಆಗಿ ಸ್ಪೈಡರ್ (ನೀವು ಬರೆದ ಕ್ರಾಲರ್) ಕ್ಲಾಸಿನದೇ ಮೆಥಡ್ ಇರಬೇಕು. ಲ್ಯಾಂಬ್ಡಾ ಕೊಟ್ಟರೆ ಆ ವಿನಂತಿ ಮೆಮೊರಿಯಲ್ಲಷ್ಟೇ ಉಳಿದು, ಕ್ರಾಲರ್ ನಿಂತಾಗ ಸದ್ದಿಲ್ಲದೆ ಕಳೆದುಹೋಗುತ್ತದೆ. ಮೊದಲ ಓಟದಲ್ಲಿ ಶೆಡ್ಯೂಲರ್ ಡೀಬಗ್ ಎಂಬ ಸೆಟ್ಟಿಂಗ್ ಆನ್ ಮಾಡಿಟ್ಟರೆ ಲಾಗ್‌ನಲ್ಲೇ ಎಚ್ಚರಿಕೆ ಬರುತ್ತದೆ.

ನಿಲ್ಲಿಸುವುದು. ಎಲ್ಲರೂ ಎಡವುವ ಜಾಗ ಇದು. ಜಾಬ್‌ಡಿರ್ ಇದ್ದರೆ ಯಾವಾಗ ನಿಂತರೂ ಸರಿ ಎಂದು ನಂಬಿಬಿಡುತ್ತಾರೆ. ಹಾಗಲ್ಲ, ಫೋಲ್ಡರ್ ತೆರೆದು ನೋಡಿ. ‘ರಿಕ್ವೆಸ್ಟ್ಸ್ ಡಾಟ್ ಸೀನ್’ ಎಂಬ ಫೈಲಿನಲ್ಲಿ ಈಗಾಗಲೇ ಕಂಡ ವಿಳಾಸಗಳ ಗುರುತು ಇರುತ್ತದೆ. ಅದು ಓಟದ ಉದ್ದಕ್ಕೂ ಆಗಾಗಲೇ ಬರೆದುಕೊಳ್ಳುತ್ತಾ ಹೋಗುತ್ತದೆ. ‘ರಿಕ್ವೆಸ್ಟ್ಸ್ ಡಾಟ್ ಕ್ಯೂ’ ಒಳಗೆ ಇನ್ನೂ ಹೋಗಬೇಕಾದ ವಿಳಾಸಗಳ ಸರದಿ. ಆದರೆ ಆ ಸರದಿಯನ್ನು ಮತ್ತೆ ತೆರೆಯಲು ಬೇಕಾದ ‘ಆಕ್ಟಿವ್ ಡಾಟ್ ಜೇಸನ್’ ಬರೆಯುವುದು ಕ್ರಾಲರ್ ಕ್ರಮವಾಗಿ ಮುಚ್ಚಿಕೊಳ್ಳುವಾಗ ಮಾತ್ರ. ನಿಮ್ಮದೇ ಎಣಿಕೆಗಳನ್ನು ಇಟ್ಟುಕೊಳ್ಳುವ ‘ಸ್ಪೈಡರ್ ಡಾಟ್ ಸ್ಟೇಟ್’ ಕೂಡ ಹಾಗೆಯೇ.

ಈಗ ಕರೆಂಟ್ ಹೋಯಿತು ಅನ್ನಿ. ಕಂಡ ವಿಳಾಸಗಳ ಪಟ್ಟಿ ಹಾಗೇ ಇದೆ, ಸರದಿ ಮಾತ್ರ ಕೈಗೆ ಸಿಗದು. ಮತ್ತೆ ಶುರು ಮಾಡಿದರೆ ಮುಖಪುಟ ತೆರೆಯುತ್ತದೆ, ಏಕೆಂದರೆ ಆರಂಭದ ವಿಳಾಸಗಳಿಗೆ ಆ ಪಟ್ಟಿಯ ತಡೆ ಇಲ್ಲ. ಅಲ್ಲಿರುವ ಕೊಂಡಿಗಳೆಲ್ಲ ‘ಆಗಲೇ ಕಂಡಿದ್ದೇನೆ’ ಎಂಬ ಲೆಕ್ಕಕ್ಕೆ ಬಿದ್ದು ಹೊರಹೋಗುತ್ತವೆ. ಮಾಡಲು ಕೆಲಸವೇ ಇಲ್ಲ, ಹಾಗಾಗಿ ಫಿನಿಶ್ಡ್. ಆ ಹುಡುಗನಿಗೆ ಆದದ್ದು ಇದೇ.

ಆದ್ದರಿಂದ ಕಂಟ್ರೋಲ್-ಸಿ ಒಂದೇ ಸಲ ಒತ್ತಿ, ಕಾಯಿರಿ. ಹೊರಟಿರುವ ವಿನಂತಿಗಳಿಗೆ ಉತ್ತರ ಬರುವವರೆಗೆ ಸ್ಕ್ರೇಪಿ ನಿಲ್ಲುವುದಿಲ್ಲ. ಮೂಲ ಸೆಟ್ಟಿಂಗ್‌ನಲ್ಲಿ ಏಕಕಾಲಕ್ಕೆ 16 ವಿನಂತಿಗಳವರೆಗೆ ಇರಬಹುದು, ಪ್ರತಿಯೊಂದಕ್ಕೂ 180 ಸೆಕೆಂಡಿನ ಗಡುವು. ನಿಧಾನದ ಸರ್ವರ್ ಆದರೆ ಮೂರು ನಿಮಿಷ ಪರದೆ ಅಲುಗಾಡದೆ ಕೂತಿರುತ್ತದೆ. ತಾಳ್ಮೆಗೆಟ್ಟು ಎರಡನೇ ಸಲ ಒತ್ತಿದರೆ ಅದು ಬಲವಂತದ ನಿಲುಗಡೆ. ಕಂಟೇನರ್ ಎಂಬ ಪ್ರತ್ಯೇಕ ಪರಿಸರದಲ್ಲಿ ಪ್ರೋಗ್ರಾಂ ಓಡಿಸುವ ಡಾಕರ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಡಾಕರ್ ಸ್ಟಾಪ್ ಲಿನಕ್ಸ್ ಕಂಟೇನರ್‌ಗೆ ಸಾಮಾನ್ಯವಾಗಿ 10 ಸೆಕೆಂಡು ಮಾತ್ರ ಕಾದು ಕತ್ತು ಹಿಸುಕುತ್ತದೆ. ಆ ಅವಧಿಯನ್ನು 240ಕ್ಕೆ ಏರಿಸಿ.

ಆರು ಗಂಟೆಗೊಮ್ಮೆ ನೀವೇ ನಿಲ್ಲಿಸಿ. ಕ್ಲೋಸ್‌ಸ್ಪೈಡರ್ ಟೈಮ್‌ಔಟ್ ಎಂಬ ಸೆಟ್ಟಿಂಗ್‌ಗೆ 21600 ಸೆಕೆಂಡು ಕೊಡಿ. ಆರು ಗಂಟೆಯಾದ ಮೇಲೆ ಕ್ರಾಲರ್ ತಾನೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ನಿಂತ ತಕ್ಷಣ ಜಾಬ್‌ಡಿರ್ ಮತ್ತು ಫಲಿತಾಂಶದ ಫೈಲ್ ಎರಡನ್ನೂ ಒಟ್ಟಿಗೆ ನಕಲು ಮಾಡಿ ಮತ್ತೆ ಓಡಿಸಿ. ಓಡುತ್ತಿರುವಾಗ ತೆಗೆದ ನಕಲು ಪ್ರಯೋಜನಕ್ಕಿಲ್ಲ, ಸರದಿಯ ಈಗಿನ ಕೀಲಿ, ಅಂದರೆ ಹೊಸ ‘ಆಕ್ಟಿವ್ ಡಾಟ್ ಜೇಸನ್’, ಅದರಲ್ಲಿ ಇರುವುದಿಲ್ಲ.

ತಂದ ಪುಟಗಳ ಪ್ರತಿಯನ್ನು ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಎಚ್‌ಟಿಟಿಪಿ ಕ್ಯಾಶೆ ಆನ್ ಇರಲಿ. ಡಿಸ್ಕ್ ತುಂಬುತ್ತದೆ ಎಂದು ಹಲವರು ಬೇಡ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಫೈಲ್ ಕುಗ್ಗಿಸುವ ಜಿಜಿಪ್ ಆಯ್ಕೆಯನ್ನೂ ಕೊಡಿ, ಜಾಗ ಸಾಕಷ್ಟು ಉಳಿಯುತ್ತದೆ. ಕರೆಂಟ್ ಹೋಗಿ ಎಲ್ಲ ಕೆಟ್ಟರೂ ಹೊಸ ಜಾಬ್‌ಡಿರ್ ಕೊಟ್ಟು ಮೊದಲಿನಿಂದ ಓಡಿಸಿದರೆ, ಆಗಲೇ ತಂದ ಪುಟಗಳು ಡಿಸ್ಕ್‌ನಿಂದಲೇ ಬರುತ್ತವೆ. ಪುಟಗಳ ನಡುವೆ ನೀವು ಇಟ್ಟ ವಿರಾಮವೂ ಅವಕ್ಕೆ ಅನ್ವಯಿಸದು, ಹಾಗಾಗಿ ಓಟ ಬಲುಬೇಗ ಹಳೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಆ ಜಾಲತಾಣದ ಸರ್ವರ್ ಮೇಲೆ ಅದೇ ಹೊರೆಯನ್ನು ಎರಡನೇ ಸಲ ಹೇರಿದಂತೆಯೂ ಆಗುವುದಿಲ್ಲ. ಬೇರೆಯವರ ಸರ್ವರ್ ಬಳಸುವಾಗ ಇಷ್ಟು ಮರ್ಯಾದೆ ನಮ್ಮ ಕರ್ತವ್ಯ. 403, 429, 500, 503 ಎಂಬ ದೋಷ ಸಂಖ್ಯೆಯ ಉತ್ತರಗಳನ್ನು ಮಾತ್ರ ಕ್ಯಾಶೆಯಿಂದ ಹೊರಗಿಡಿ. ಇಲ್ಲದಿದ್ದರೆ ದೋಷದ ಪುಟವೇ ಶಾಶ್ವತವಾಗುತ್ತದೆ. ಮುಂದಿನ ತಿಂಗಳು ಹೊಸದಾಗಿ ಸಂಗ್ರಹಿಸುವಾಗ ಹಳೆಯ ಕ್ಯಾಶೆ ಅಳಿಸಿ.

ಮತ್ತೆ ಶುರು. ಆಜ್ಞೆ ಅದೇ, ಆದರೆ ಫಲಿತಾಂಶದ ಆಯ್ಕೆಯಲ್ಲಿ ಸಣ್ಣ ‘ಒ’ ಅಕ್ಷರ ಇದೆಯೇ ಎಂದು ಎರಡು ಸಲ ನೋಡಿ. ಇಂಗ್ಲಿಷಿನ ದೊಡ್ಡ ‘ಒ’ ಇದ್ದರೆ ಮೂರು ದಿನದ ಫೈಲನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಫೈಲ್ ಸಾಲಿಗೊಂದು ದಾಖಲೆ ಇರುವ ಜೇಸನ್ ಲೈನ್ಸ್ ರೂಪದಲ್ಲೇ ಇರಲಿ. ಸಾದಾ ಜೇಸನ್‌ಗೆ ಮುಂದುವರಿಸಿ ಬರೆದರೆ ಅದನ್ನು ಮತ್ತೆ ಓದಲಾಗುವುದಿಲ್ಲ. ಲಾಗಿನ್ ಬೇಕಾದ ತಾಣವಾದರೆ ಹೊಸದಾಗಿ ಲಾಗಿನ್ ಆಗಬೇಕು, ಕುಕಿಗಳು ಜಾಬ್‌ಡಿರ್‌ನಲ್ಲಿ ಉಳಿಯುವುದಿಲ್ಲ.

ಎಂಟರ್ ಒತ್ತಿದ ಮೇಲೆ ಎದ್ದು ಹೋಗಬೇಡಿ. ಲಾಗ್‌ನ ಮೊದಲ ಸಾಲುಗಳಲ್ಲಿ ‘ರಿಸ್ಯೂಮಿಂಗ್ ಕ್ರಾಲ್’ ಎಂದು ಬಂದು, ಪಕ್ಕದ ಆವರಣದಲ್ಲಿ ಇನ್ನೆಷ್ಟು ವಿನಂತಿ ಬಾಕಿ ಎಂಬ ಸಂಖ್ಯೆ ಇರಬೇಕು. ಆ ಸಾಲು ಕಾಣದಿದ್ದರೆ ಸರದಿ ಸಿಕ್ಕಿಲ್ಲ ಎಂದರ್ಥ. ತಕ್ಷಣ ನಿಲ್ಲಿಸಿ, ಕೊನೆಯ ನಕಲನ್ನು ಅದರ ಜಾಗಕ್ಕೆ ಹಾಕಿ, ಮತ್ತೆ ಓಡಿಸಿ.